ಮಂಗಳೂರಿನ ಕಲೆಕ್ಟರು, ಅಮಿನಿಯ ಇಲಿ, ಕಲ್ಕತ್ತೆಯ ಮುಂಗುಸಿ

ನವೆಂಬರ್ ಒಂದು ಬಂತೆಂದರೆ ಹೈದರಾಬಾದಿನ ಕನ್ನಡಿಗರದ್ದು ಒಂದು ತಮಾಷೆಯ ಪರಿಸ್ಥಿತಿ. 1956ರ ಆ ದಿನ ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದವು. ಬಿಟ್ಟು ಹೋದ ಸಂಭ್ರಮವನ್ನು ನಾವು ಬಿಟ್ಟ ಊರಿನಲ್ಲೇ ಕೂತು ಆಚರಿಸಬೇಕು! ಭಾಷಣಗಳಲ್ಲಿ ಸೇರಿದ ಜಿಲ್ಲೆಗಳ ಪಟ್ಟಿ ಬರುತ್ತದೆ, ಕಾಸರಗೋಡು ಕೈತಪ್ಪಿದ ಕೊರಗೂ ಬರುತ್ತದೆ. ಆದರೆ ಅದೇ ದಿನ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಿಂದ ಇನ್ನೊಂದು ತುಂಡೂ ಕಳಚಿಕೊಂಡಿತು ಅನ್ನುವುದು ಯಾರ ಬಾಯಲ್ಲೂ ಬರುವುದಿಲ್ಲ. ಆ ತುಂಡು ಇದ್ದದ್ದು ಅರಬ್ಬೀ ಸಮುದ್ರದ ನಡುವೆ. ಹೆಸರು ಅಮಿನಿದಿವಿ.

ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಇಂದಿನ ಲಕ್ಷದ್ವೀಪದ ಉತ್ತರ ಭಾಗದ ಐದು ದ್ವೀಪಗಳು ಇವು. ಮಂಗಳೂರಿನಿಂದ ಅಮಿನಿಗೆ ಸುಮಾರು 300 ಕಿಲೋಮೀಟರ್ ನೀರಿನ ದಾರಿ. ಮೊದಲು ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಕಾಟ ತಾಳಲಾರದೆ ದ್ವೀಪದವರು 1787ರ ಹೊತ್ತಿಗೆ ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಉಳಿದ ಆಸ್ತಿಯ ಜೊತೆ ಈ ದ್ವೀಪಗಳೂ ಕಂಪನಿಯ ಲೆಕ್ಕಕ್ಕೆ ಬಂದವು. ಹೀಗಾಗಿ ಅವನ್ನು ಕೆನರಾ ಜಿಲ್ಲೆಗೆ, ಅಂದರೆ ಮಂಗಳೂರಿನ ಕಲೆಕ್ಟರಿಗೆ ಅಂಟಿಸಿದರು. ಅಲ್ಲಿಂದ 1956ರವರೆಗೆ, ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ, ಅಮಿನಿಯ ಜನ ಒಂದು ಅರ್ಜಿ ಕೊಡಬೇಕಾದರೂ ಅದು ಮಂಗಳೂರಿಗೇ ಬರಬೇಕಿತ್ತು. ದ್ವೀಪದಲ್ಲಿ ಕಲೆಕ್ಟರ ಪರವಾಗಿ ಇರುತ್ತಿದ್ದವನು ಒಬ್ಬ ಮಣೆಗಾರ. ಅಲ್ಲಿಯವರ ಮಾತು ಕನ್ನಡವಲ್ಲ, ತುಳುವೂ ಅಲ್ಲ, ಮಲಯಾಳದ ಒಂದು ಬಗೆ. ಆದ್ದರಿಂದ ಅವರು ಬೇರೆಯಾದದ್ದಕ್ಕೆ ನಾವು ಎದೆ ಬಡಿದುಕೊಳ್ಳಬೇಕಾಗಿಲ್ಲ. ನನಗೆ ಕುತೂಹಲ ಇರುವುದು ಆ ನೂರೈವತ್ತು ವರ್ಷಗಳ ಒಂದು ಲೆಕ್ಕದಲ್ಲಿ.

ದ್ವೀಪದ ಬೆಳೆ ಒಂದೇ: ತೆಂಗು. ಅದರ ನಾರನ್ನು ಹುರಿ ಮಾಡಿ ಓಡಗಳಲ್ಲಿ ತುಂಬಿ ಮಂಗಳೂರಿಗೆ ತರುತ್ತಿದ್ದರು. ಹುರಿಯ ವ್ಯಾಪಾರ ಸರ್ಕಾರದ ಏಕಸ್ವಾಮ್ಯ. ಸರ್ಕಾರ ತಾನು ಗೊತ್ತು ಮಾಡಿದ ಬೆಲೆಗೆ ಹುರಿ ತೆಗೆದುಕೊಂಡು ಬದಲಿಗೆ ಅಕ್ಕಿ, ಒಂದಿಷ್ಟು ಹಣ ಕೊಡುತ್ತಿತ್ತು. ಅಂದರೆ ತೆಂಗಿನ ಮರ ದ್ವೀಪದವರ ಅನ್ನ, ಕಲೆಕ್ಟರ ಆದಾಯ ಎರಡೂ ಆಗಿತ್ತು. ಈ ಎರಡಕ್ಕೂ ಬಾಯಿ ಹಾಕಿದ್ದು ಇಲಿ.

ನೀವು ಕರಾವಳಿಯವರಾದರೆ ತೋಟದ ಇಲಿ ಗೊತ್ತಿರುತ್ತದೆ. ಎಳೆ ಬೊಂಡಕ್ಕೆ (ಇಲ್ಲಿ ತೆಲುಗರೂ 'ಬೊಂಡಂ' ಅಂತಲೇ ಅನ್ನುತ್ತಾರೆ, ಕೇಳಿದಾಗೆಲ್ಲ ಊರಿನ ನೆನಪು) ತೊಟ್ಟಿನ ಬಳಿ ದುಂಡಗೆ ತೂತು ಕೊರೆದು ತಿನ್ನುತ್ತದೆ. ಕಾಯಿ ಬಲಿಯುವ ಮೊದಲೇ ಉದುರುತ್ತದೆ. ಒಳಗೆ ಕೊಬ್ಬರಿಯೂ ಇಲ್ಲ, ಹೊರಗೆ ಹುರಿಗಾಗುವ ನಾರೂ ಇಲ್ಲ. ಊರಿನ ತೋಟದಲ್ಲಾದರೆ ಇಲಿಗೆ ಕೇರೆ ಹಾವು, ಗೂಬೆ, ಮುಂಗುಸಿ, ಕಾಡುಬೆಕ್ಕು ಎಲ್ಲರ ಹೆದರಿಕೆ ಇದೆ. ಹವಳದ ದ್ವೀಪದಲ್ಲಿ ಅವು ಯಾವುವೂ ಇಲ್ಲ. ಬಾವಲಿ ಬಿಟ್ಟರೆ ಆ ನೆಲಕ್ಕೆ ಸಹಜವಾದ ಸಸ್ತನಿಯೇ ಇಲ್ಲ. ಓಡಗಳಲ್ಲಿ ಅಕ್ಕಿ ಮೂಟೆಯ ಜೊತೆ ಬಂದ ಕಪ್ಪು ಇಲಿಗೆ ಅದು ಸ್ವರ್ಗವಾಯಿತು. ಮರಗಳನ್ನು ಎಷ್ಟು ಒತ್ತೊತ್ತಾಗಿ ನೆಟ್ಟಿದ್ದಾರೆಂದರೆ ಗರಿಗೆ ಗರಿ ತಾಗುತ್ತದೆ. ಇಲಿ ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಹಾರುತ್ತಾ, ಅಲ್ಲೇ ಗೂಡು ಕಟ್ಟಿ, ಅಲ್ಲೇ ಮರಿ ಹಾಕಿ, ನೆಲಕ್ಕೆ ಇಳಿಯದೆಯೇ ಬಾಳ್ವೆ ಮಾಡಬಹುದು.

ಇದಕ್ಕೆ ದ್ವೀಪಗಳಲ್ಲಿ ಇದ್ದ ಹಳೆಯ ಮದ್ದು ಸಾಮೂಹಿಕ ಬೇಟೆ. ಗೊತ್ತಾದ ದಿನ ಊರಿನ ಗಂಡಸರೆಲ್ಲ ಸೇರಬೇಕು. ಕೆಲವರು ಮರ ಹತ್ತಿ ಇಲಿಗಳನ್ನು ಕೆಳಗೆ ಓಡಿಸಬೇಕು, ಕೆಳಗಿದ್ದವರು ದೊಣ್ಣೆಯಿಂದ ಹೊಡೆಯಬೇಕು. ನೂರಾರು ಇಲಿ ಸಾಯುತ್ತಿದ್ದವು. ಕೆಲವು ತಿಂಗಳಲ್ಲಿ ಮತ್ತೆ ಅಷ್ಟೇ ಆಗುತ್ತಿದ್ದವು. ಬ್ಯಾಂಕಿನವನಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಸಲು ಮುಟ್ಟದೆ ಬಡ್ಡಿ ಮಾತ್ರ ಕಟ್ಟುತ್ತಾ ಹೋಗುವ ಸಾಲಗಾರನ ಕಥೆ ಇದು.

ಹಾಗಾದರೆ ಇಲಿ ತಿನ್ನುವ ಪ್ರಾಣಿಯನ್ನೇ ತಂದು ಬಿಟ್ಟರೆ? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ತೊಂಬತ್ತರ ದಶಕದಲ್ಲಿ ನಾನಿದ್ದ ಒಂದು ಶಾಖೆಯ ರೆಕಾರ್ಡ್ ರೂಮಿನಲ್ಲಿ ಲೆಡ್ಜರುಗಳನ್ನು ಇಲಿ ತಿನ್ನುತ್ತಿತ್ತು. ಹೆಡ್ ಕ್ಯಾಷಿಯರ್ ರಾಯರು ಒಂದು ಬೆಕ್ಕನ್ನು ತಂದರು. ಬೆಕ್ಕು ಮೂರು ದಿನ ಕೆಲಸ ಮಾಡಿತು. ನಾಲ್ಕನೇ ದಿನದಿಂದ ಸ್ಟಾಫಿನವರ ಡಬ್ಬಿಯ ಮೊಸರನ್ನಕ್ಕೆ ಒಗ್ಗಿಕೊಂಡಿತು. ಎರಡು ತಿಂಗಳಲ್ಲಿ ರೆಕಾರ್ಡ್ ರೂಮಿನಲ್ಲಿ ಇಲಿಯೂ ಇತ್ತು, ನಾಲ್ಕು ಮರಿಗಳೂ ಇದ್ದವು! ನಗುವ ವಿಷಯವೇ. ಆದರೆ ಇದೇ ಪ್ರಸಂಗ ದೊಡ್ಡ ಪ್ರಮಾಣದಲ್ಲಿ, ನಮ್ಮ ದೇಶದ ಪ್ರಾಣಿಯನ್ನೇ ಹಿಡಿದುಕೊಂಡು, ಪ್ರಪಂಚದ ತುಂಬ ನಡೆದಿದೆ. ಅದು ನಗುವಂಥದ್ದಲ್ಲ.

ಪ್ರಾಣಿಯ ಹೆಸರು ಮುಂಗುಸಿ. ತೆಲುಗಿನಲ್ಲಿ ಮುಂಗಿಸ, ಮರಾಠಿಯಲ್ಲಿ ಮುಂಗೂಸ. ಇಂಗ್ಲಿಷಿನ 'ಮಂಗೂಸ್' ಹುಟ್ಟಿದ್ದು ನಮ್ಮ ಈ ಸೀಮೆಯ ಮಾತಿನಿಂದಲೇ. ಕನ್ನಡ, ತೆಲುಗು, ಮರಾಠಿ ಮೂರೂ ಕೂಡಿದ್ದ ಹಳೆಯ ಹೈದರಾಬಾದ್ ರಾಜ್ಯಕ್ಕೆ ಆ ಪದದ ಮೇಲೆ ಒಂದು ಹಕ್ಕು ಇದೆ ಅಂತ ನಾನು ತಮಾಷೆಗೆ ಹೇಳುವುದುಂಟು. ನಮ್ಮ ಬೇಲಿಗಳಲ್ಲಿ ಕಾಣುವುದು ಬೂದು ಮುಂಗುಸಿ. ಪರದೇಶಕ್ಕೆ ಹೋದದ್ದು ಅದರ ತಮ್ಮ, ಸಣ್ಣ ಮುಂಗುಸಿ.

1872ರಲ್ಲಿ ಜಮೈಕಾದ ಕಬ್ಬಿನ ತೋಟದ ಮಾಲೀಕ ಬ್ಯಾಂಕ್ರಾಫ್ಟ್ ಎಸ್ಪ್ಯೂಟ್ ಎಂಬವನು ಕಲ್ಕತ್ತೆಯಿಂದ ಒಂಬತ್ತು ಮುಂಗುಸಿ ತರಿಸಿದ. ನಾಲ್ಕು ಗಂಡು, ಐದು ಹೆಣ್ಣು. ಕಬ್ಬು ತಿನ್ನುವ ಇಲಿ ಕೆಲವೇ ತಿಂಗಳಲ್ಲಿ ಕಡಿಮೆಯಾಯಿತು. ಹತ್ತು ವರ್ಷದ ನಂತರ, 1882ರಲ್ಲಿ, ಅವನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ತನ್ನ ಯಶಸ್ಸನ್ನು ಹೆಮ್ಮೆಯಿಂದ ವರದಿ ಮಾಡಿದ. ಸುದ್ದಿ ಹಬ್ಬಿತು. 1883ರಲ್ಲಿ ಹವಾಯಿಯ ಕಬ್ಬಿನವರು ಜಮೈಕಾದಿಂದ 72 ಮುಂಗುಸಿ ಕೊಂಡರು. ಅದೇ ವರ್ಷ ಫಿಜಿಗೂ ಹೋಯಿತು. ಆದರೆ ಇಲಿ ಹೆಚ್ಚಾಗಿ ಓಡಾಡುವುದು ರಾತ್ರಿ, ಮುಂಗುಸಿ ಹಗಲು. ಇಲಿ ಮರ ಹತ್ತುತ್ತದೆ, ಮುಂಗುಸಿಗೆ ಅದು ಅಷ್ಟಾಗಿ ಬಾರದು. ಸುಲಭವಾಗಿ ಸಿಗುವ ಇಲಿ ಮುಗಿದ ಮೇಲೆ ಅದು ನೆಲದಲ್ಲಿ ಗೂಡು ಮಾಡುವ ಹಕ್ಕಿ, ಮೊಟ್ಟೆ, ಹಲ್ಲಿ, ಓತಿಕೇತ, ಊರವರ ಕೋಳಿ ಎಲ್ಲದಕ್ಕೂ ಕೈ ಹಾಕಿತು. ಜಮೈಕಾದ ಒಂದು ಕಡಲಹಕ್ಕಿ ಆಮೇಲೆ ಕಾಣಲೇ ಇಲ್ಲ. ಅಲ್ಲಿಯ ದೊಡ್ಡ ಇಗುವಾನ ಅಳಿದೇ ಹೋಯಿತೆಂದು ದಶಕಗಳ ಕಾಲ ತಿಳಿದಿದ್ದರು. 1990ರಲ್ಲಿ ಒಂದು ಒಣ ಗುಡ್ಡದ ಕಾಡಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದು ಗೊತ್ತಾಯಿತು.

ತಪ್ಪು ಗೊತ್ತಾದ ಮೇಲಾದರೂ ನಿಲ್ಲಿಸಿದರೇ? ಇಲ್ಲ, ಏಕೆಂದರೆ ಅಷ್ಟರಲ್ಲಿ ಇಲಿಯ ಮೇಲೆ ಇನ್ನೊಂದು ಆಪಾದನೆ ಬಂದಿತ್ತು. ಪ್ಲೇಗು 1896ರಲ್ಲಿ ಮುಂಬಯಿಗೆ ಬಂತು, 1898ರಲ್ಲಿ ಬೆಂಗಳೂರಿಗೆ. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೂ, ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದೂ ಆಗಲೇ. ನಮ್ಮ ಹೈದರಾಬಾದಿಗೆ 1908ರಲ್ಲಿ ಮೂಸಿ ನದಿಯ ಪ್ರವಾಹ, 1911ರಲ್ಲಿ ಪ್ಲೇಗು ಒಂದರ ಹಿಂದೆ ಒಂದು ಬಡಿದವು. ಮರುವರ್ಷ ನಿಜಾಮರ ಸರ್ಕಾರ ನಗರ ಸುಧಾರಣಾ ಮಂಡಳಿ ಮಾಡಿ ಇಕ್ಕಟ್ಟಿನ ಮೊಹಲ್ಲಾಗಳನ್ನು ಬಿಡಿಸಲು ಹೊರಟಿತು. ಊರುಗಳಲ್ಲಿ ಇಲಿಯ ಭಯಕ್ಕೆ ಗಾಳಿ ಬೆಳಕಿನ ಮನೆ ಕಟ್ಟಿದರು. ಮಾರಿಷಸ್ ದ್ವೀಪದಲ್ಲಿ ಅದೇ ಪ್ಲೇಗಿನ ಭಯಕ್ಕೆ 1900ರಲ್ಲಿ ಮುಂಗುಸಿ ತಂದರು. ಊರಿನ ಮದ್ದಿನಿಂದ ಊರು ಅಗಲವಾಯಿತು. ದ್ವೀಪದ ಮದ್ದು ಇಂದಿಗೂ ಅಲ್ಲಿಯ ಕಾಡಿನಲ್ಲಿ ಓಡಾಡಿಕೊಂಡಿದೆ.

ಅದನ್ನು ವಾಪಸು ತೆಗೆಯಲು ಎಷ್ಟು ಖರ್ಚು ಬೀಳುತ್ತದೆ ಎಂಬುದಕ್ಕೆ ಜಪಾನಿನ ಅಮಾಮಿ ಒಶಿಮಾ ದ್ವೀಪದ ಲೆಕ್ಕ ನೋಡಿ. ವಿಷದ ಹಾವುಗಳನ್ನು ಕೊಲ್ಲಲಿ ಎಂದು 1979ರಲ್ಲಿ ಅಲ್ಲಿ ಸುಮಾರು 30 ಮುಂಗುಸಿ ಬಿಟ್ಟರು. ಹಾವು ಓಡಾಡುವುದು ರಾತ್ರಿ, ಮುಂಗುಸಿ ಮತ್ತೆ ಹಗಲು! ಹಾವಿನ ಬದಲು ಅದು ಅಲ್ಲಿಯ ಅಮಾಮಿ ಮೊಲವನ್ನು ತಿನ್ನತೊಡಗಿತು. 2000ದ ಹೊತ್ತಿಗೆ 30 ಇದ್ದದ್ದು ಸುಮಾರು 10,000 ಆಗಿತ್ತು. ಸರ್ಕಾರ 2005ರಲ್ಲಿ ಮುಂಗುಸಿ ಹಿಡಿಯಲೆಂದೇ ಒಂದು ತಂಡ ಕಟ್ಟಿತು. ಸಾವಿರಾರು ಬೋನು, ವಾಸನೆ ಹಿಡಿಯುವ ನಾಯಿಗಳು, ಕಾಡಿನ ತುಂಬ ಕ್ಯಾಮೆರಾಗಳು. ಹಿಡಿದದ್ದು ಒಟ್ಟು 32,000ದಷ್ಟು. ಕೊನೆಯದು ಸಿಕ್ಕಿದ್ದು 2018ರಲ್ಲಿ. ಆಮೇಲೂ ಆರು ವರ್ಷ ಕಾದು, ಒಂದೂ ಕಾಣದ ಮೇಲೆ, 2024ರ ಸೆಪ್ಟೆಂಬರಿನಲ್ಲಿ 'ಮುಂಗುಸಿ ಇಲ್ಲ' ಎಂದು ಘೋಷಿಸಿದರು. ಬಿಡಲು ಬೇಕಾದದ್ದು ಒಂದು ದಿನ, ತೆಗೆಯಲು ಎರಡು ದಶಕ.

ಸರಿ, ಇಲಿ ಇದ್ದರೆ ಇರಲಿ, ನಾಲ್ಕು ಕಾಯಿ ತಿಂದರೆ ತಿನ್ನಲಿ ಅಂತ ಬಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಗೆ ಕಲೆಕ್ಟರ ಲೆಕ್ಕದ ಪುಸ್ತಕದಲ್ಲಿ ಉತ್ತರ ಇರಲು ಸಾಧ್ಯವಿಲ್ಲ. ಆ ಪುಸ್ತಕದಲ್ಲಿ ತೆಂಗಿಗೆ ಕಾಲಂ ಇತ್ತು, ಹಕ್ಕಿಗೆ ಇರಲಿಲ್ಲ. ಉತ್ತರ ಸಿಕ್ಕಿದ್ದು ತೀರಾ ಈಚೆಗೆ, ಲಕ್ಷದ್ವೀಪದ ದಾಯಾದಿಯಂಥ ಚಾಗೋಸ್ ದ್ವೀಪಗಳಲ್ಲಿ. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಮೂರೂ ಕಡಲ ತಳದ ಒಂದೇ ದಿಬ್ಬದ ಮೇಲೆ ಸಾಲಾಗಿ ಕೂತಿವೆ. ಚಾಗೋಸಿನಲ್ಲಿ ಕೆಲವು ದ್ವೀಪಗಳಿಗೆ ತೆಂಗಿನ ತೋಟ ಮಾಡುವವರ ಜೊತೆ ಇಲಿ ಹೋಗಿತ್ತು, ಕೆಲವಕ್ಕೆ ಹೋಗಿರಲಿಲ್ಲ. ವಿಜ್ಞಾನಿಗಳು ಎರಡನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಇಲಿ ಇಲ್ಲದ ದ್ವೀಪಗಳಲ್ಲಿ ಕಡಲಹಕ್ಕಿಗಳ ದಟ್ಟಣೆ 760 ಪಟ್ಟು ಹೆಚ್ಚು! ಅಷ್ಟೇ ಅಲ್ಲ. ಹಕ್ಕಿಗಳು ದೂರದ ಸಮುದ್ರದಲ್ಲಿ ಮೀನು ತಿಂದು ಬಂದು ದ್ವೀಪದಲ್ಲಿ ಹಿಕ್ಕೆ ಹಾಕುತ್ತವೆ. ಮಳೆಗೆ ಆ ಗೊಬ್ಬರ ಸುತ್ತಲಿನ ಹವಳದ ದಿಬ್ಬಕ್ಕೆ ಇಳಿಯುತ್ತದೆ. ಹಾಗಾಗಿ ಇಲಿ ಇಲ್ಲದ ದ್ವೀಪಗಳ ಹವಳದ ದಿಬ್ಬದಲ್ಲಿ ಮೀನಿನ ಒಟ್ಟು ತೂಕವೂ ಸುಮಾರು ಅರ್ಧದಷ್ಟು ಜಾಸ್ತಿ. ಇಲಿ ಮೊಟ್ಟೆ ತಿಂದರೆ ನಷ್ಟ ಹಕ್ಕಿಗೆ ಮಾತ್ರವಲ್ಲ, ಬಲೆ ಹಾಕುವವನಿಗೂ ಆಗುತ್ತದೆ ಎಂದಾಯಿತು.

ಲಕ್ಷದ್ವೀಪಕ್ಕೆ ಇದು ದೂರದ ಮಾತಲ್ಲ. ಸಮುದ್ರ ಕಾಯ್ದು 1998, 2010, 2016, 2024ರಲ್ಲಿ ಅಲ್ಲಿಯ ಹವಳ ಬಿಳಿಚಿಕೊಂಡು ಸತ್ತಿತು. ಅಲೆಯ ಹೊಡೆತವನ್ನು ಆ ತಗ್ಗು ದ್ವೀಪಗಳಿಗೆ ತಡೆಯುತ್ತಿರುವುದು ಅದೇ ಹವಳದ ಗೋಡೆ. ನಮ್ಮ ಹಳೆಯ ಜಿಲ್ಲೆಯ ಬಿತ್ರಾ ದ್ವೀಪದಲ್ಲಿ 1945ರ ತನಕ ಶಾಶ್ವತವಾದ ಮನೆ ಇರಲಿಲ್ಲ, ಅದು ಕಡಲಹಕ್ಕಿಗಳು ಮರಿ ಮಾಡುವ ಜಾಗವಾಗಿತ್ತು. ಈಗ ಅಲ್ಲಿಯ ಹಕ್ಕಿಗಳಿಗೆ ದೊಡ್ಡ ಆಸರೆ ಎಂದರೆ ಪಿಟ್ಟಿ. ಮರವಿಲ್ಲದ, ಮನೆಯಿಲ್ಲದ, ಒಂದು ಹೊಲದಷ್ಟು ಅಗಲದ ಮರಳಿನ ದಿಬ್ಬ. 1995ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. ಒಂದು ಹೊಲದಷ್ಟು ಮರಳು ಎಷ್ಟು ಹಕ್ಕಿಗೆ ಸಾಕಾದೀತು?

ಇಲಿಯನ್ನು ಪೂರ್ತಿ ತೆಗೆಯಲು ಆಗುವುದೇ ಇಲ್ಲವೆ? ಆಗುತ್ತದೆ. ದಕ್ಷಿಣ ಧ್ರುವದ ಕಡೆಯ ಸೌತ್ ಜಾರ್ಜಿಯಾ ದ್ವೀಪದಲ್ಲಿ 2011ರಿಂದ 2015ರವರೆಗೆ ಹೆಲಿಕಾಪ್ಟರಿನಿಂದ ಸುಮಾರು 300 ಟನ್ ವಿಷದ ಕಾಳು ಉದುರಿಸಿ, 2018ರ ಮೇ ತಿಂಗಳಲ್ಲಿ ದ್ವೀಪ ಇಲಿಮುಕ್ತ ಎಂದು ಸಾರಿದರು. ನಿಯಮ ಮೂರೇ: ಒಂದೂ ಉಳಿಯಬಾರದು, ಅವು ಹುಟ್ಟುವುದಕ್ಕಿಂತ ಬೇಗ ಸಾಯಬೇಕು, ಹೊರಗಿನಿಂದ ಮತ್ತೆ ಬರಬಾರದು. ನೂರಕ್ಕೆ ತೊಂಬತ್ತೊಂಬತ್ತು ವಸೂಲಾದರೆ ಬ್ಯಾಂಕಿನಲ್ಲಿ ಪ್ರಮೋಷನ್ ಸಿಗುತ್ತದೆ. ಇಲಿಯ ವಿಷಯದಲ್ಲಿ ಉಳಿದ ಒಂದೇ ಸಾಕು, ಸಾಲ ಪೂರ್ತಿ ಮತ್ತೆ ತಲೆ ಎತ್ತುತ್ತದೆ. ಆದರೆ ಸೌತ್ ಜಾರ್ಜಿಯಾದಲ್ಲಿ ಊರಿಲ್ಲ. ಅಮಿನಿಯಲ್ಲಿ ಮಕ್ಕಳಿದ್ದಾರೆ, ಆಡು ಕೋಳಿಗಳಿವೆ. ದಿನಸಿ ಹೊತ್ತ ಹಡಗು ಹೊರಗಿನಿಂದ ಬರಲೇಬೇಕು. ಅಲ್ಲಿ ಆಕಾಶದಿಂದ ವಿಷ ಸುರಿಯುವ ಮಾತೇ ಇಲ್ಲ.

ಜನವಸತಿಯ ದ್ವೀಪಕ್ಕೆ ಆಗುವ ದಾರಿಯನ್ನು ಹುಡುಕಿದ್ದು ಮತ್ತೆ ನಮ್ಮ ಹಳೆಯ ಜಿಲ್ಲೆಯೇ. ಕಾಸರಗೋಡಿನಲ್ಲಿ 1916ರಲ್ಲಿ, ಅದಿನ್ನೂ ದಕ್ಷಿಣ ಕನ್ನಡದಲ್ಲಿದ್ದಾಗ, ತೆಂಗಿನ ಸಂಶೋಧನಾ ಕೇಂದ್ರ ಶುರುವಾಯಿತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಾವೆಲ್ಲ ಹೇಳುವ ಸಿಪಿಸಿಆರ್‌ಐ ಆಯಿತು. ಲಕ್ಷದ್ವೀಪದ ಮಿನಿಕಾಯ್‌ಯಲ್ಲೂ ಅದರ ಕೇಂದ್ರವಿದೆ. ಅವರ ಸಲಹೆ ಸರಳ: ಬ್ರೋಮಾಡಿಯೋಲೋನ್ ಎಂಬ ವಿಷದ ಮೇಣದ ಬಿಲ್ಲೆಗಳನ್ನು ನೆಲದಲ್ಲಿ ಇಡಬೇಡಿ, ಇಲಿ ಇರುವ ಮರದ ತಲೆಯಲ್ಲೇ ಇಡಿ. ಎಲ್ಲ ಮರಕ್ಕೂ ಬೇಡ, ಐದಕ್ಕೆ ಒಂದು ಮರ ಸಾಕು, ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ಮರಗಳ ನಡುವೆ ಅಂತರವಿದ್ದರೆ ಬೊಡ್ಡೆಗೆ ತಗಡಿನ ಪಟ್ಟಿ ಸುತ್ತಿದರೂ ಆದೀತು. ಆದರೆ ಗರಿಗೆ ಗರಿ ತಾಗುವ ತೋಟದಲ್ಲಿ ತಗಡು ವ್ಯರ್ಥ. ಇದೂ ಊರೆಲ್ಲ ಒಟ್ಟಿಗೆ ಮಾಡಬೇಕಾದ ಕೆಲಸ. ಪಕ್ಕದ ತೋಟದವ ಸುಮ್ಮನಿದ್ದರೆ ಅವನ ಇಲಿ ನಾಳೆ ನಮ್ಮದು.

ಈಚಿನ ವರ್ಷಗಳಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ ಇನ್ನೊಂದು ಪ್ರಯೋಗವೂ ಶುರುವಾಗಿದೆ. ಕೇರಳದಿಂದ ಕಣಜದ ಗೂಬೆಗಳನ್ನು ತಂದು ಇಲಿ ಹಿಡಿಯಲು ಬಿಡುವುದು. ಓದಿದಾಗ ಮೊದಲು ನನಗೂ ಖುಷಿಯಾಯಿತು. ಗೂಬೆ ಮುಂಗುಸಿಯಂತಲ್ಲ, ರಾತ್ರಿಯೇ ಬೇಟೆಯಾಡುತ್ತದೆ, ಅದರ ಮುಖ್ಯ ಊಟವೇ ಇಲಿ. ಇಲ್ಲೇ ನಮ್ಮ ರಾಜೇಂದ್ರನಗರದಲ್ಲಿ 1966ರಿಂದ ಸಸ್ಯ ಸಂರಕ್ಷಣೆಯ ತರಬೇತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ (2008ರಿಂದ ಅದರ ಹೆಸರು ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆ), ಇಲಿ ನಿಯಂತ್ರಣವೂ ಅವರ ಪಾಠಗಳಲ್ಲೊಂದು. ತೆಲಂಗಾಣದ ಭತ್ತದ ಗದ್ದೆಯಲ್ಲಿ ಗೂಬೆಗೆ ಒಂದು ಪೆಟ್ಟಿಗೆ ಕಟ್ಟಿದರೆ ಅದು ಪುಣ್ಯದ ಕೆಲಸ. ಏಕೆಂದರೆ ಗೂಬೆ ಇಲ್ಲಿಯದೇ, ಇಲ್ಲಿಯ ಹಕ್ಕಿಗಳಿಗೆ ಅದರಿಂದ ತಪ್ಪಿಸಿಕೊಳ್ಳುವುದು ಗೊತ್ತು.

ಆದರೆ ಸೆಶೆಲ್ಸ್ ದ್ವೀಪದವರು 1949ರಿಂದ ಇದೇ ಗೂಬೆಯನ್ನು ಇದೇ ಇಲಿಗಾಗಿ ತಂದು ಬಿಟ್ಟಿದ್ದರು. ಗೂಬೆ ಅಲ್ಲಿಯ ಬಿಳಿ ಕಡಲಹಕ್ಕಿಗಳನ್ನು ತಿನ್ನತೊಡಗಿತು. ಕೊನೆಗೆ ಸರ್ಕಾರವೇ ಸತ್ತ ಗೂಬೆಗೆ ಬಹುಮಾನ ಇಡಬೇಕಾಯಿತು! 1958ರಲ್ಲಿ ಗೂಬೆ ತಂದ ಹವಾಯಿಯಲ್ಲೂ ಅದು ಕಡಲಹಕ್ಕಿಗಳ ಶತ್ರುವಾಗಿದೆ. ಇನ್ನೊಂದು ತೊಡಕೂ ಇದೆ. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯಬಹುದು. ವಿಷ, ಗೂಬೆ ಎರಡನ್ನೂ ಒಂದೇ ತೋಟದಲ್ಲಿ ಹೂಡುವ ಹಾಗಿಲ್ಲ.

ಹಾಗಾಗಿ ನನ್ನ ಕೇಳಿಕೆ ಇಷ್ಟೇ. ಗೂಬೆ ಬಿಟ್ಟವರು ಎರಡು ಲೆಕ್ಕ ಇಡಬೇಕು. ಎಷ್ಟು ಬೊಂಡ ಉಳಿಯಿತು ಎಂಬುದು ಒಂದು. ಸುತ್ತಲಿನ ಕಡಲಹಕ್ಕಿಗಳಲ್ಲಿ ಎಷ್ಟು ಉಳಿದವು ಎಂಬುದು ಇನ್ನೊಂದು. ಗೂಬೆ ಉಗುಳುವ ಉಂಡೆಯಲ್ಲಿ ಇಲಿಯ ಮೂಳೆ ಇದೆಯೋ ಹಕ್ಕಿಯ ಮೂಳೆ ಇದೆಯೋ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ, ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಎಸ್ಪ್ಯೂಟ್ ಸುಳ್ಳು ಹೇಳಿರಲಿಲ್ಲ, ಅವನ ಕಬ್ಬಿನ ಲೆಕ್ಕ ಸರಿಯೇ ಇತ್ತು. ಮಂಗಳೂರಿನ ಕಲೆಕ್ಟರ ಹುರಿಯ ಲೆಕ್ಕವೂ ಸರಿಯೇ ಇದ್ದಿರಬೇಕು. ತೊಂದರೆ ಇದ್ದದ್ದು ಪುಸ್ತಕದಲ್ಲಿ ಇಲ್ಲದ ಕಾಲಮಿನಲ್ಲಿ.

ಕೊನೆಗೆ ಒಂದು ಮಾತು. ಈ ವಿಷಯ ಮಾತಾಡುವಾಗ 'ಹೊರಗಿನಿಂದ ಬಂದದ್ದು', 'ಸ್ಥಳೀಯರಿಗೆ ಕಂಟಕ' ಎಂಬ ಪದಗಳು ಬಂದೇ ಬರುತ್ತವೆ. ನಮ್ಮಂಥ ವಲಸಿಗರಿಗೆ ಅವು ಸ್ವಲ್ಪ ಚುಚ್ಚುತ್ತವೆ, ಪರವೂರಲ್ಲಿ ನಾವೂ ಕೇಳಿದವರೇ. ಆದರೆ ಮನುಷ್ಯ ಬಂದ ಊರಿನ ಭಾಷೆ ಕಲಿಯುತ್ತಾನೆ, ತೆರಿಗೆ ಕಟ್ಟುತ್ತಾನೆ, ನೆರೆಯವರ ಮದುವೆಗೆ ಹೋಗುತ್ತಾನೆ, ತಪ್ಪಾದರೆ ತಿದ್ದಿಕೊಳ್ಳುತ್ತಾನೆ. ಇಲಿಗೂ ಮುಂಗುಸಿಗೂ ಆ ಅವಕಾಶ ಇಲ್ಲ. ಅವು ಟಿಕೆಟ್ ತೆಗೆದುಕೊಂಡು ಹೋದವಲ್ಲ, ನಾವು ಒಯ್ದು ಬಿಟ್ಟದ್ದು. ಅಂದ ಹಾಗೆ ಈ ಕಪ್ಪು ಇಲಿಯ ಮೂಲವೂ ನಮ್ಮ ಭಾರತವೇ ಅಂತಾರೆ ಬಲ್ಲವರು. ರೋಗವೂ ನಮ್ಮದೇ, ಮದ್ದೆಂದು ಕಳಿಸಿದ್ದೂ ನಮ್ಮದೇ. ಕನಿಷ್ಠ ನಮ್ಮದೇ ದ್ವೀಪಗಳಲ್ಲಾದರೂ ಮೂರನೆಯ ಸಲ ಎಚ್ಚರವಾಗಿರೋಣ.

ಓದುಗರಲ್ಲಿ ಮಂಗಳೂರು ಬಂದರಿನ ಕಡೆಯವರು ಇದ್ದರೆ, ಅಮಿನಿಯ ಓಡ, ಹುರಿ, ಅಕ್ಕಿ ವ್ಯಾಪಾರದ ನೆನಪು ಮನೆಯ ಹಿರಿಯರಲ್ಲಿ ಉಳಿದಿದ್ದರೆ ಕೇಳಿ ಬರೆದುಕೊಳ್ಳಿ. ಆ ಜಿಲ್ಲೆಯನ್ನು ಕಂಡವರು ಇನ್ನು ಹೆಚ್ಚು ಮಂದಿ ಉಳಿದಿಲ್ಲ.